ಲೆವೆಲ್ ಎಷ್ಟಾತು?

ಪ್ರಮೋಷನ್ ಸಿಕ್ಕ ದಿನ ಬೆಂಗಳೂರಿನಿಂದ ಬಾಗಲಕೋಟೆಗೆ ಫೋನ್ ಮಾಡಿ, 'ಅಪ್ಪಾ, ಲೆವೆಲ್ ಏರೇತಿ' ಅಂದೆ. ಆ ಕಡೆಯಿಂದ ಗಾಬರಿಯ ದನಿ: 'ಎಷ್ಟಾತು? ಗೇಟ್ ತೆಗದಾರೇನು?'

ಅದು ಆಗಸ್ಟ್ ತಿಂಗಳು. ಮಳೆಗಾಲದಲ್ಲಿ ನಮ್ಮೂರಿಗೆ ಲೆವೆಲ್ ಅಂದ್ರೆ ಒಂದೇ, ಆಲಮಟ್ಟಿ ಡ್ಯಾಮಿನದು.

ಉಳಿದ ದಿನಗಳಲ್ಲಿ ಈ ಇಂಗ್ಲಿಷ್ ಪದಕ್ಕೆ ನಮ್ಮ ಜಿಲ್ಲೆಯಲ್ಲಿ ಕೈತುಂಬ ಕೆಲಸ. ಹುನಗುಂದದ ರೈತ ಎರಿ ಹೊಲ 'ಲೆವೆಲ್ ಮಾಡಿಸ್ತಾನೆ', ಅಂದ್ರೆ ಏರು ತಗ್ಗು ಸಮ ಮಾಡಿಸ್ತಾನೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಸುವ ಗೌಂಡಿ 'ಲೆವೆಲ್ ನೋಡ್ತಾನೆ'. ಬಾದಾಮಿ ಬಸ್ಸಿನಲ್ಲಿ ಯಾರದೋ ಬಗ್ಗೆ 'ಅವನ ಲೆವೆಲ್ಲೇ ಬ್ಯಾರೆ' ಅಂದ್ರೆ ಅರ್ಧ ಹೊಗಳಿಕೆ, ಅರ್ಧ ಚುಚ್ಚು. ಅಣ್ಣತಮ್ಮಂದಿರ ಜಗಳ ಹಿರಿಯರು ಕೂತು 'ಲೆವೆಲ್ ಮಾಡ್ತಾರೆ'.

ಇವೆಲ್ಲಕ್ಕಿಂತ ಭಾರವಾದ ಅರ್ಥ ಡ್ಯಾಮಿನ ಜೊತೆ ಬಂತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಆಲಮಟ್ಟಿಯ ಎತ್ತರ ಎಷ್ಟಿರಬೇಕು ಅನ್ನೋ ಜಗಳ ದೆಹಲಿ ಮುಟ್ಟಿ, 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರಿಗೆ ಒಪ್ಪಿತು. ಘಟಪ್ರಭೆಯ ದಂಡೆಯ ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿಗೆ ಹೋದವು. ಜನ ನವನಗರದ ಸೆಕ್ಟರುಗಳಿಗೆ ಬಂದರು. ಓಣಿಗೆ ಹೆಸರಿತ್ತು, ಸೆಕ್ಟರಿಗೆ ನಂಬರು.

2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್ ಎಂದಿತು. ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಎರಡೂ ಅಂಕಿಗಳ ನಡುವಿನ ಅಂತರ ಸುಮಾರು 15 ಅಡಿ. ಲೆವೆಲ್ ಏರಿದ್ರೆ ಎಷ್ಟೋ ಒಣ ಹೊಲಗಳಿಗೆ ನೀರು. ಅದೇ ಲೆವೆಲ್ ಏರಿದ್ರೆ ದಂಡೆಯ ಊರುಗಳ ಮನೆಯೊಳಗೂ ನೀರು. ಎರಡೂ ಕಡೆಯವರು ನಮ್ಮವರೇ. ನವನಗರದಲ್ಲಿ ಬೆಳೆದ ನನಗೆ ಈ ಪದವನ್ನು ಬರೀ ಅಂಕಿ ಅಂತ ಓದೋಕೆ ಆಗಲ್ಲ.

ಪದದ ಬೇರು ಹುಡುಕಿದ್ರೆ ಲ್ಯಾಟಿನ್ನಿನ 'ಲಿಬೆಲ್ಲ' ಸಿಗುತ್ತೆ. ಅರ್ಥ, ಪುಟ್ಟ ತಕ್ಕಡಿ.

ಕೊನೆಗೆ ಅಪ್ಪನಿಗೆ ಆಫೀಸಿನ ಲೆವೆಲ್ ಬಿಡಿಸಿ ಹೇಳಿದೆ. 'ಛಲೋ ಆತು ತಮ್ಮಾ' ಅಂದ್ರು. ಸ್ವಲ್ಪ ಸುಮ್ಮನಿದ್ದು, 'ಆದ್ರ ಏರೂ ಮುಂದ ಕೆಳಗ ಯಾರ ಮನಿ ಐತಿ, ನೋಡ್ಕೋ' ಅಂದ್ರು.