ನಿಕಲ್-ಮ್ಯಾಂಗನೀಸ್-ಗ್ಯಾಲಿಯಂ ಮಿಶ್ರಲೋಹ

ನಿಕಲ್-ಮ್ಯಾಂಗನೀಸ್-ಗ್ಯಾಲಿಯಂ ಒಂದು ಕಾಂತೀಯ ಅಂತರಲೋಹೀಯ ಮಿಶ್ರಲೋಹ. ಇದರಲ್ಲಿ ಮೂರು ಲೋಹಗಳ ಪರಮಾಣುಗಳು ಸುಮಾರು 2:1:1ರ ಅನುಪಾತದಲ್ಲಿರುತ್ತವೆ. ಕಾಂತಕ್ಷೇತ್ರಕ್ಕೆ ಒಡ್ಡಿದಾಗ ಇದರ ಸ್ಫಟಿಕವು ಆಕಾರ ಬದಲಿಸುವುದರಿಂದ ಇದನ್ನು ಕಾಂತೀಯ ಆಕಾರಸ್ಮೃತಿ ಮಿಶ್ರಲೋಹವೆಂದು ಕರೆಯಲಾಗುತ್ತದೆ.

ರಚನೆ
ಇದು ಹೊಯ್ಸ್ಲರ್ ಮಿಶ್ರಲೋಹಗಳ ಗುಂಪಿಗೆ ಸೇರಿದೆ. ಇದರ ಕಾಂತತ್ವಕ್ಕೆ ಮುಖ್ಯವಾಗಿ ಮ್ಯಾಂಗನೀಸ್ ಪರಮಾಣುಗಳು ಕಾರಣ. ಹೆಚ್ಚಿನ ಉಷ್ಣತೆಯಲ್ಲಿ ಸ್ಫಟಿಕದ ರಚನೆ ಘನಾಕೃತಿಯದು. ತಣಿಸಿದಾಗ ಅದು ಮಾರ್ಟೆನ್ಸೈಟ್ ಎಂಬ, ಒಂದು ಅಕ್ಷದಲ್ಲಿ ಕುಗ್ಗಿದ ರಚನೆಗೆ ಬದಲಾಗುತ್ತದೆ. ಈ ಬದಲಾವಣೆಯ ಉಷ್ಣತೆಯು ಲೋಹಗಳ ಪ್ರಮಾಣವನ್ನು ಅವಲಂಬಿಸಿದೆ.

ಆಕಾರ ಬದಲಾವಣೆ
ಮಾರ್ಟೆನ್ಸೈಟ್‌ನಲ್ಲಿ ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಅವಳಿ ಪದರಗಳಿರುತ್ತವೆ. ಕುಗ್ಗಿದ ಅಕ್ಷದ ದಿಕ್ಕಿನಲ್ಲಿ ಇವು ಸುಲಭವಾಗಿ ಕಾಂತೀಕರಣಗೊಳ್ಳುತ್ತವೆ. ಹೊರಗಿನ ಕಾಂತಕ್ಷೇತ್ರಕ್ಕೆ ಅನುಕೂಲವಾದ ದಿಕ್ಕಿನ ಪದರಗಳು ಉಳಿದವನ್ನು ಅತಿಕ್ರಮಿಸಿ ಬೆಳೆಯುವುದರಿಂದ ಇಡೀ ಸ್ಫಟಿಕದ ಉದ್ದ ಬದಲಾಗುತ್ತದೆ. ಕ್ಷೇತ್ರವನ್ನು ತೆಗೆದರೂ ಹೊಸ ಆಕಾರ ಉಳಿಯಬಲ್ಲದು. ಹಿಂದಿನ ಆಕಾರಕ್ಕೆ ತರಲು ಸ್ಪ್ರಿಂಗ್‌ನ ಒತ್ತಡ ಅಥವಾ ಲಂಬ ದಿಕ್ಕಿನ ಕ್ಷೇತ್ರ ಬೇಕು.

1996ರಲ್ಲಿ ಕಾರಿ ಉಲ್ಲಕ್ಕೊ ಮತ್ತು ಸಹಸಂಶೋಧಕರು ಶೇ. 0.2ರಷ್ಟು ಬದಲಾವಣೆಯನ್ನು ವರದಿ ಮಾಡಿದರು. ನಂತರದ ಸಂಶೋಧನೆಗಳಲ್ಲಿ ಇದು ಶೇ. 6ಕ್ಕೂ, ಬೇರೊಂದು ಬಗೆಯ ಮಾರ್ಟೆನ್ಸೈಟ್‌ನಲ್ಲಿ ಶೇ. 10ರ ಸಮೀಪಕ್ಕೂ ಏರಿತು. ಶೇ. 6 ಎಂದರೆ 10 ಸೆಂ.ಮೀ. ಉದ್ದದ ಸರಳಿನಲ್ಲಿ 6 ಮಿ.ಮೀ. ವ್ಯತ್ಯಾಸ.

ಸಂಭಾವ್ಯ ಉಪಯೋಗಗಳು
ನೈಟಿನಾಲ್‌ನಂತಹ ಸಾಮಾನ್ಯ ಆಕಾರಸ್ಮೃತಿ ಮಿಶ್ರಲೋಹಗಳನ್ನು ಪ್ರತಿ ಬಾರಿಯೂ ಕಾಯಿಸಿ ತಣಿಸಬೇಕಾದುದರಿಂದ ಅವುಗಳ ಚಲನೆ ನಿಧಾನ. ಈ ಮಿಶ್ರಲೋಹಕ್ಕೆ ಅದರ ಅಗತ್ಯವಿಲ್ಲದ ಕಾರಣ ಇದು ಸೆಕೆಂಡಿಗೆ ನೂರಾರು ಬಾರಿ ಚಲಿಸಬಲ್ಲದು. ಹೀಗಾಗಿ ಕವಾಟಗಳು, ಅತಿ ಸಣ್ಣ ಪ್ರಮಾಣದ ದ್ರವ ಸಾಗಿಸುವ ಸೂಕ್ಷ್ಮ ಪಂಪ್‌ಗಳು ಮತ್ತು ಸಂವೇದಕಗಳಲ್ಲಿ ಇದರ ಬಳಕೆಯನ್ನು ಪರಿಶೀಲಿಸಲಾಗಿದೆ. ಕಂಪನದಿಂದ ವಿದ್ಯುತ್ ಪಡೆಯುವುದು ಹಾಗೂ ಕಾಂತೀಯ ಶೈತ್ಯೀಕರಣ ಇತರ ಸಾಧ್ಯತೆಗಳು.

ಮಿತಿಗಳು
ಚಲನೆ ದೊಡ್ಡದಾದರೂ ದೊರೆಯುವ ಬಲ ಕಡಿಮೆ. ಕೆಲವೇ ಮೆಗಾಪ್ಯಾಸ್ಕಲ್ ಒತ್ತಡ ಹೇರಿದರೆ ಚಲನೆ ನಿಲ್ಲುತ್ತದೆ. ಕ್ಯೂರಿ ತಾಪಮಾನವು ಸುಮಾರು 100° ಸೆಲ್ಸಿಯಸ್ ಆಗಿರುವುದರಿಂದ ಬಿಸಿಯಾದ ಯಂತ್ರಭಾಗಗಳಲ್ಲಿ ಇದು ಉಪಯುಕ್ತವಲ್ಲ. ಇದು ಸುಲಭವಾಗಿ ಬಿರುಕು ಬಿಡುವ ಲೋಹವೂ ಹೌದು. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಬದಲಾವಣೆಗೆ ಏಕಸ್ಫಟಿಕ ಬೇಕು; ಅದನ್ನು ಬೆಳೆಸುವುದು ನಿಧಾನದ ಮತ್ತು ದುಬಾರಿ ಕೆಲಸ. ಅನೇಕ ಕಣಗಳಿಂದಾದ ಸಾಮಾನ್ಯ ಎರಕದಲ್ಲಿ ಕಣಗಳು ಒಂದನ್ನೊಂದು ತಡೆಯುತ್ತವೆ. ಈ ತಡೆಯನ್ನು ಕಡಿಮೆ ಮಾಡಲು ಲೋಹದೊಳಗೆ ರಂಧ್ರಗಳನ್ನು ಉಂಟುಮಾಡುವ ವಿಧಾನವನ್ನೂ ಸಂಶೋಧಕರು ಬಳಸಿದ್ದಾರೆ.