ಮರಳಿನ ಅಕ್ಷರದಿಂದ ಕಲಿಕಾ ನಿರ್ವಹಣಾ ವ್ಯವಸ್ಥೆಯವರೆಗೆ: ಅಧ್ಯಾಪಕರ ಬಳಕೆ ಮತ್ತು ಮೌಲ್ಯನಿರ್ಣಯದ ಚರಿತ್ರೆ

1

ಶಿಕ್ಷಣದ ಚರಿತ್ರೆಯೆಂದರೆ ಬಹುಮಟ್ಟಿಗೆ ಸಂಸ್ಥೆಗಳ, ಪಠ್ಯಕ್ರಮಗಳ ಮತ್ತು ಸರ್ಕಾರಿ ಧೋರಣೆಗಳ ಚರಿತ್ರೆಯೆಂಬ ಗ್ರಹಿಕೆ ನಮ್ಮಲ್ಲಿ ಬೇರೂರಿದೆ. ಬೋಧಕನ ಕೈಯಲ್ಲಿದ್ದ ಪರಿಕರ ಯಾವುದು, ಅದನ್ನು ಆತ ಹೇಗೆ ಬಳಸಿದ, ಅದರ ಗುಣದೋಷಗಳ ಬಗ್ಗೆ ಏನು ಹೇಳಿದ ಎಂಬ ಪ್ರಶ್ನೆಗಳು ಈ ಚರಿತ್ರೆಯ ಅಂಚಿನಲ್ಲಿಯೇ ಉಳಿದಿವೆ. ನೇಗಿಲು, ಬೀಸುಕಲ್ಲು, ಮಗ್ಗಗಳನ್ನು ಅಧ್ಯಯನ ಮಾಡುವ ಜಾನಪದ ಶಾಸ್ತ್ರಕ್ಕೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಪರಿಕರದ ಅರ್ಥ ಅದನ್ನು ಮಾಡಿದವನ ಉದ್ದೇಶದಲ್ಲಿ ಮುಗಿಯುವುದಿಲ್ಲ. ಬಳಸುವವನ ಕೈಯಲ್ಲಿ ಅದು ಮತ್ತೆ ರೂಪುಗೊಳ್ಳುತ್ತದೆ. ಈ ದೃಷ್ಟಿಯನ್ನು ವಿಶ್ವವಿದ್ಯಾಲಯಗಳ ಕಲಿಕಾ ನಿರ್ವಹಣಾ ವ್ಯವಸ್ಥೆಗೆ ಅನ್ವಯಿಸಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಒಂದು ಪತ್ರಿಕೆಗೆ ಸಂಬಂಧಿಸಿದ ಟಿಪ್ಪಣಿ, ಪ್ರಕಟಣೆ, ನಿಯೋಜಿತ ಕಾರ್ಯ, ಕಿರುಪರೀಕ್ಷೆ, ಅಂಕಪಟ್ಟಿ, ಚರ್ಚೆ ಇವೆಲ್ಲವನ್ನೂ ಅಂತರ್ಜಾಲದ ಒಂದೇ ತಾಣದಲ್ಲಿ ಕೂಡಿಸಿ, ಪ್ರವೇಶಪದವುಳ್ಳ ಅಧ್ಯಾಪಕ ಮತ್ತು ವಿದ್ಯಾರ್ಥಿಗಳಿಗೆ ಮಾತ್ರ ಒದಗಿಸುವ ತಂತ್ರಾಂಶವೇ ಕಲಿಕಾ ನಿರ್ವಹಣಾ ವ್ಯವಸ್ಥೆ. ಈ ಹೆಸರಿನಲ್ಲಿ ‘ಕಲಿಕೆ’ ಮತ್ತು ‘ನಿರ್ವಹಣೆ’ ಎಂಬ ಎರಡು ಪದಗಳಿವೆ. ಇವೆರಡರಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದೇ ಅಧ್ಯಾಪಕರ ಮೌಲ್ಯನಿರ್ಣಯದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯಾಗಿದೆ.

2

ಕಲಿಕೆಯನ್ನು ನಿರ್ವಹಿಸುವ ಕ್ರಮ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಮದರಾಸಿನ ಗವರ್ನರ್ ಥಾಮಸ್ ಮನ್ರೊ 1822ರಲ್ಲಿ ದೇಶೀಯ ಶಾಲೆಗಳ ವಿವರವನ್ನು ಜಿಲ್ಲಾಧಿಕಾರಿಗಳಿಂದ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಇವುಗಳಲ್ಲಿ ಅತ್ಯಂತ ವಿವರವಾದುದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಒಟ್ಟು ವಿದ್ಯಾರ್ಥಿಗಳು 6,641. ಹಿಂದೂ ಹುಡುಗಿಯರು ಕೇವಲ 60. ಈ ಕೊನೆಯ ಸಂಖ್ಯೆಯನ್ನು ಮರೆತು ದೇಶೀಯ ಶಾಲೆಯನ್ನು ಕೊಂಡಾಡುವುದು ಸಲ್ಲದು.

ಕೂಲಿಮಠದ ಹುಡುಗರು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಕೈ ಪಳಗಿದ ಮೇಲೆ ಓಲೆಗರಿ, ಹಲಗೆ ಅಥವಾ ಕಡತಕ್ಕೆ ಏರುತ್ತಿದ್ದುದನ್ನು ಕ್ಯಾಂಬೆಲ್ ದಾಖಲಿಸುತ್ತಾನೆ. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ. ಮೂರನೆಯವನಿಗೆ ಒಂದು ಮೆಲುವಾದ ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಪೆಟ್ಟು ಏರುತ್ತಿತ್ತು. ಹಾಜರಿಯ ದಾಖಲೆ, ವೇಳೆಯ ಗಣನೆ, ಪುರಸ್ಕಾರ, ದಂಡನೆ ಇವೆಲ್ಲವೂ ಕಾಗದವಿಲ್ಲದೆ ಅಂಗೈಯಲ್ಲಿಯೇ ನಡೆಯುತ್ತಿದ್ದವು. ಮತ್ತೊಂದು ವಿಶೇಷವೆಂದರೆ, ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು. ಹಾಗೆ ಕಲಿಸುತ್ತಲೇ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ಈ ಪದ್ಧತಿಯ ಅನುಕರಣೆ ನಡೆದದ್ದು ಯೋಗ್ಯವೇ ಆಗಿದೆಯೆಂಬುದು ಕ್ಯಾಂಬೆಲ್‌ನ ಅಭಿಪ್ರಾಯ. ಮದರಾಸಿನ ಅನಾಥಾಲಯದಲ್ಲಿದ್ದ ಆಂಡ್ರ್ಯೂ ಬೆಲ್ 1797ರಲ್ಲಿ ಪ್ರಕಟಿಸಿದ ಬರಹದ ಮೂಲಕ ಇಂಥ ಪದ್ಧತಿ ಅಲ್ಲಿಗೆ ತಲುಪಿತ್ತು. ಒಬ್ಬನೇ ವ್ಯಕ್ತಿ ಒಂದೆಡೆ ಕಲಿಯುವವನೂ ಮತ್ತೊಂದೆಡೆ ಕಲಿಸುವವನೂ ಆಗಿರುವ ಈ ಇಮ್ಮಡಿ ಪಾತ್ರವನ್ನು ಇಲ್ಲಿ ನೆನಪಿನಲ್ಲಿಡಬೇಕು. ಮುಂದೆ ಅದು ಅಮೆರಿಕದ ನ್ಯಾಯಾಲಯದಲ್ಲಿ ವಾದದ ವಸ್ತುವಾಗುತ್ತದೆ.

3

ಗಣಕಯಂತ್ರದ ಮೂಲಕ ಬೋಧನೆಯ ಪ್ರಯೋಗ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಆರಂಭಿಸಿದ ‘ಪ್ಲೇಟೊ’ ವ್ಯವಸ್ಥೆಯಿಂದ ಸ್ಪಷ್ಟ ರೂಪ ಪಡೆಯಿತು. ಅಧ್ಯಾಪಕರು ತಾವೇ ಪಾಠಗಳನ್ನು ರಚಿಸಲು ಅನುಕೂಲವಾಗಲೆಂದು 1967ರಲ್ಲಿ ‘ಟ್ಯೂಟರ್’ ಎಂಬ ಭಾಷೆ ಸಿದ್ಧವಾಯಿತು. ತಂತ್ರಾಂಶದ ದೋಷಗಳನ್ನು ವರದಿ ಮಾಡುವುದಕ್ಕಾಗಿ 1973ರಲ್ಲಿ ಡೇವಿಡ್ ವೂಲಿ ರೂಪಿಸಿದ ‘ನೋಟ್ಸ್’ ಎಂಬ ಸೌಲಭ್ಯವನ್ನು ಬಳಕೆದಾರರು ಹರಟೆಕಟ್ಟೆಯನ್ನಾಗಿ ಮಾಡಿಕೊಂಡದ್ದು ಗಮನಾರ್ಹ. ಯಂತ್ರ ಪಾಠ ಹೇಳಲೆಂದು ಬಂದಿತ್ತು; ಜನ ಅದರ ಸುತ್ತ ಮಾತನಾಡಲು ಕುಳಿತರು.

ವಿಶ್ವವ್ಯಾಪಿ ಜಾಲ ಬಂದ ಮೇಲೆ ಈ ಕ್ಷೇತ್ರದ ಮುಖ್ಯ ತಂತ್ರಾಂಶಗಳಲ್ಲಿ ಹಲವು ವಿಶ್ವವಿದ್ಯಾಲಯಗಳ ಒಳಗಿನಿಂದಲೇ ಹುಟ್ಟಿದವು. ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಗಣಕವಿಜ್ಞಾನದ ಅಧ್ಯಾಪಕ ಮರ್ರೆ ಗೋಲ್ಡ್‌ಬರ್ಗ್ ತನ್ನ ತರಗತಿಗಳ ಅಗತ್ಯಕ್ಕಾಗಿ ರೂಪಿಸಿದ ‘ವೆಬ್‌ಸಿಟಿ’ 1996ರಲ್ಲಿ ಹೊರಜಗತ್ತಿಗೆ ಪರಿಚಯವಾಯಿತು. 1997ರಲ್ಲಿ ಸ್ಥಾಪನೆಯಾದ ‘ಬ್ಲ್ಯಾಕ್‌ಬೋರ್ಡ್’ ಕಂಪನಿ ಮರುವರ್ಷವೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮತ್ತೊಂದು ಸಂಸ್ಥೆಯೊಡನೆ ಸೇರಿ ಬೆಳೆಯಿತು. 2006ರಲ್ಲಿ ವೆಬ್‌ಸಿಟಿಯನ್ನೂ ತನ್ನದಾಗಿಸಿಕೊಂಡಿತು. ಇದಕ್ಕೆ ಪರ್ಯಾಯವಾಗಿ ಬೆಳೆದುದು ‘ಮೂಡಲ್’. ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿಯನ್ನು ನೋಡಿಕೊಳ್ಳುತ್ತಿದ್ದ ಮಾರ್ಟಿನ್ ಡೂಜಿಯಾಮಸ್ 2002ರ ಆಗಸ್ಟ್‌ನಲ್ಲಿ ಇದರ ಮೊದಲ ಪೂರ್ಣ ಆವೃತ್ತಿಯನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದನು. ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಲ್ಲಿ ರೇಡಿಯೊ ಮೂಲಕ ಶಾಲೆ ಕಲಿತ ಬಾಲ್ಯ ಆತನದು. ಕಲಿಕೆಯೆಂದರೆ ಒಬ್ಬರಿಗಾಗಿ ಮತ್ತೊಬ್ಬರು ಏನನ್ನಾದರೂ ಕಟ್ಟುತ್ತಾ ಅರಿಯುವ ಸಾಮೂಹಿಕ ಕ್ರಿಯೆ ಎಂಬ ತತ್ತ್ವವನ್ನು ಆತ ಆಧಾರವಾಗಿಟ್ಟುಕೊಂಡನು.

4

ಬ್ಲ್ಯಾಕ್‌ಬೋರ್ಡ್ ಕಂಪನಿಗೆ 2006ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ದೊರೆಯಿತು. ಅದೇ ವರ್ಷದ ಜುಲೈನಲ್ಲಿ ಅದು ಕೆನಡಾದ ‘ಡಿಸೈರ್ ಟು ಲರ್ನ್’ ಕಂಪನಿಯ ಮೇಲೆ ದಾವೆ ಹೂಡಿತು. ವಿವಾದದ ತಿರುಳು ಇಷ್ಟು: ಒಬ್ಬನೇ ಬಳಕೆದಾರ ಒಂದೇ ಪ್ರವೇಶಪದದಿಂದ ಒಳಹೊಕ್ಕು, ಒಂದು ಪತ್ರಿಕೆಯಲ್ಲಿ ಬೋಧಕನಾಗಿಯೂ ಇನ್ನೊಂದರಲ್ಲಿ ವಿದ್ಯಾರ್ಥಿಯಾಗಿಯೂ ಇರಬಹುದಾದ ವ್ಯವಸ್ಥೆಯ ಮೇಲೆ ಒಂದು ಕಂಪನಿಗೆ ಒಡೆತನ ಸಾಧ್ಯವೇ? 2008ರ ಫೆಬ್ರವರಿಯಲ್ಲಿ ಜ್ಯೂರಿ ಬ್ಲ್ಯಾಕ್‌ಬೋರ್ಡ್ ಪರವಾಗಿ ಸುಮಾರು 31 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಆದರೆ 2009ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹಕ್ಕುಸಾಧನೆಗಳನ್ನು ಅಸಿಂಧುವೆಂದು ಘೋಷಿಸಿತು. ವರ್ಷದ ಕೊನೆಗೆ ಎರಡೂ ಪಕ್ಷಗಳು ರಾಜಿಯಾದವು.

ಪೇಟೆಂಟ್ ಇದ್ದುದು ತಾಂತ್ರಿಕ ವಿಧಾನಕ್ಕೆ, ಸಾಮಾಜಿಕ ಪದ್ಧತಿಗಲ್ಲ ಎಂಬ ಭೇದವನ್ನು ಒಪ್ಪಿಕೊಳ್ಳಬೇಕು. ಆದರೂ ಬಳ್ಳಾರಿಯ ಕೂಲಿಮಠದ ಹಿರಿಯ ಹುಡುಗ ಯಾರ ಅನುಮತಿಯೂ ಇಲ್ಲದೆ ನಿರ್ವಹಿಸುತ್ತಿದ್ದ ಪಾತ್ರದ ಗಣಕರೂಪವೊಂದು ಖಾಸಗಿ ಸ್ವತ್ತೆಂದು ಪರಿಗಣಿತವಾಗುವ ಹಂತಕ್ಕೆ ಬಂದಿದ್ದುದು ವಿಚಾರಯೋಗ್ಯ. ಸಮುದಾಯದಲ್ಲಿ ಹರಿದಾಡುವ ಜ್ಞಾನಕ್ಕೆ ಬೇಲಿ ಹಾಕುವ ಈ ಪ್ರಕ್ರಿಯೆ ಜಾನಪದದ ವಿದ್ವಾಂಸರಿಗೆ ಅಪರಿಚಿತವೇನಲ್ಲ. ಮುಕ್ತ ತಂತ್ರಾಂಶದ ಪರವಾದವರು 2006ರಲ್ಲಿಯೇ ಆ ಪೇಟೆಂಟಿನ ಮರುಪರಿಶೀಲನೆಗೆ ಅರ್ಜಿ ಸಲ್ಲಿಸಿದ್ದು ಈ ಬೇಲಿಗೆ ಬಂದ ಪ್ರತಿರೋಧವಾಗಿದೆ.

5

ಇನ್ನು ಅಧ್ಯಾಪಕರು ಈ ವ್ಯವಸ್ಥೆಯನ್ನು ಹೇಗೆ ಅಳೆದರು ಎಂಬುದನ್ನು ನೋಡಬಹುದು. ಅಳೆಯುವ ಮಾನಕಗಳು ಮೊದಲು ಬಂದುದು ಉದ್ಯಮ ಮತ್ತು ಕಛೇರಿಗಳ ಲೋಕದಿಂದ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಬಳಕೆಯೋಗ್ಯತಾ ಮಾಪಕ ಯಾವುದೇ ತಂತ್ರಾಂಶಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ. ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ಮಾದರಿ ‘ಇದರಿಂದ ಪ್ರಯೋಜನವಿದೆ’ ಮತ್ತು ‘ಇದು ಸುಲಭ’ ಎಂಬ ಎರಡು ಅನಿಸಿಕೆಗಳನ್ನು ಸ್ವೀಕಾರದ ಮೂಲವೆಂದು ಗುರುತಿಸುತ್ತದೆ. ಇವೆರಡೂ ಉಪಯುಕ್ತವೇ. ಆದರೆ ಗುಮಾಸ್ತೆಯ ಕೆಲಸಕ್ಕೂ ಅಧ್ಯಾಪಕನ ಕೆಲಸಕ್ಕೂ ಒಂದೇ ಅಳತೆಗೋಲು ಸಾಕೇ ಎಂಬ ಪ್ರಶ್ನೆ ಉಳಿಯುತ್ತದೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸಮೂಹದ ಬೋಧಕರನ್ನು ಕುರಿತು ಗ್ಲೆಂಡಾ ಮೋರ್ಗನ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿಟ್ಟಿನಲ್ಲಿ ಮಹತ್ವದ್ದು. ಬೋಧಕರು ಈ ವ್ಯವಸ್ಥೆಯನ್ನು ಕೈಗೆತ್ತಿಕೊಂಡದ್ದು ಹೆಚ್ಚಾಗಿ ಪಠ್ಯ ಹಂಚುವುದು, ಅಂಕ ತಿಳಿಸುವುದು ಮುಂತಾದ ದಿನನಿತ್ಯದ ನಿರ್ವಹಣೆಗಾಗಿ. ಆದರೆ ಹಾಗೆ ಬಳಸುತ್ತಾ ಹೋದ ಹಲವರು ತಮಗರಿವಿಲ್ಲದಂತೆಯೇ ತಮ್ಮ ಬೋಧನಾಕ್ರಮವನ್ನು ಮರುಚಿಂತನೆಗೆ ಒಳಪಡಿಸಿಕೊಂಡರು. ಪಾಠವನ್ನು ಘಟಕಗಳಾಗಿ ಒಡೆದು ಜೋಡಿಸುವಾಗ ಅದರ ಕ್ರಮವೇ ಕಣ್ಣಿಗೆ ಬೀಳುತ್ತದೆ. ಮೋರ್ಗನ್ ಇದನ್ನು ‘ಆಕಸ್ಮಿಕ ಬೋಧನಾಶಾಸ್ತ್ರ’ವೆಂದು ಕರೆದಳು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಲಾನ್ ಮತ್ತು ಸ್ಟೆಫನಿ ಟೀಸ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಬೋಧಕರು ಮತ್ತು ವಿದ್ಯಾರ್ಥಿಗಳು ಬೆಲೆಕೊಟ್ಟದ್ದು ಸಂವಹನದ ದಕ್ಷತೆಗೆ. ಹೊಸ ಬಗೆಯ ಬೋಧನೆಯ ಸಾಧ್ಯತೆಗೆ ದೊರೆತ ಮನ್ನಣೆ ಕಡಿಮೆ.

ಎಜುಕಾಸ್ ಸಂಸ್ಥೆಯ ಸಂಶೋಧನಾ ಕೇಂದ್ರ 2014ರಲ್ಲಿ 17,000ಕ್ಕೂ ಹೆಚ್ಚು ಅಧ್ಯಾಪಕರ ಉತ್ತರಗಳನ್ನು ಆಧರಿಸಿ ಪ್ರಕಟಿಸಿದ ವರದಿ ಇದೇ ಚಿತ್ರವನ್ನು ದೊಡ್ಡದಾಗಿ ತೋರಿಸುತ್ತದೆ. ಶೇ. 85ರಷ್ಟು ಅಧ್ಯಾಪಕರು ಈ ವ್ಯವಸ್ಥೆಯನ್ನು ಬಳಸುತ್ತಿದ್ದರು, ಶೇ. 56ರಷ್ಟು ಮಂದಿ ನಿತ್ಯವೂ ಬಳಸುತ್ತಿದ್ದರು. ಬೋಧನೆಗೆ ಇದು ಉಪಯುಕ್ತವೆಂದವರು ಶೇ. 74. ಆದರೆ ತರಗತಿಯ ಹೊರಗೆ ಸಂವಾದವನ್ನು ಬೆಳೆಸಲು ಇದನ್ನು ಬಳಸಿದವರು ಶೇ. 41 ಮಾತ್ರ. ಅಂದರೆ ಮೆಚ್ಚುಗೆ ಮತ್ತು ಬಳಕೆಗಳ ನಡುವೆ ಒಂದು ಕಂದರವಿದೆ. ಅಧ್ಯಾಪಕರು ಇದನ್ನು ಒಳ್ಳೆಯ ಕಣಜವೆಂದು ಮೆಚ್ಚಿದ್ದಾರೆ. ಜಗಲಿಯೆಂದು ಒಪ್ಪಿದವರು ಕಡಿಮೆ. ಅಧ್ಯಾಪಕರಿಗೆ ತಾಂತ್ರಿಕ ಜ್ಞಾನ ಸಾಲದೆಂದು ಇದನ್ನು ವಿವರಿಸುವುದು ಸುಲಭ, ಆದರೆ ಅಪೂರ್ಣ. ಎದುರಿಗಿರುವ ಮುಖ ನೋಡಿ ಮಾತಿನ ಜಾಡು ಬದಲಿಸುವ ಮೌಖಿಕ ಕಲೆ ಬೋಧನೆಯ ಜೀವಾಳ. ಕಥೆ ಹೇಳುವವನು ಕೇಳುಗರ ಹೂಂಗುಟ್ಟುವಿಕೆಯಿಂದ ಕಥೆಯನ್ನು ಹಿಗ್ಗಿಸುವಂತೆ, ಕುಗ್ಗಿಸುವಂತೆ, ಪಾಠವೂ ಸಂದರ್ಭದಲ್ಲಿ ಹುಟ್ಟುತ್ತದೆ. ಮೊದಲೇ ಏರಿಸಿಟ್ಟ ಪಾಠಕ್ಕೆ ಹೂಂಗುಟ್ಟುವವರಿಲ್ಲ.

6

ಕರ್ನಾಟಕದಲ್ಲಿ ದೂರದ ಬೋಧನೆಗೆ ತನ್ನದೇ ಆದ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. 2004ರ ಸೆಪ್ಟೆಂಬರ್‌ನಲ್ಲಿ ಎಡುಸ್ಯಾಟ್ ಉಪಗ್ರಹ ಹಾರಿದಾಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೊದಲ ಬಳಕೆದಾರರ ಸಾಲಿನಲ್ಲಿತ್ತು. 2017ರ ಜುಲೈನಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ ಬಂದಿತು. ಅದರ ಪತ್ರಿಕೆಗಳಿಂದ ಶೇ. 20ರಷ್ಟು ಕ್ರೆಡಿಟ್ ಪಡೆಯಲು 2016ರಲ್ಲಿ ಅವಕಾಶ ಕೊಟ್ಟಿದ್ದ ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಕೋವಿಡ್ ಪಿಡುಗಿನ ನಡುವೆ, 2021ರ ಫೆಬ್ರವರಿಯಲ್ಲಿ, ಕರ್ನಾಟಕ ಸರ್ಕಾರ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್ ಹಾಗೂ 14 ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಇಲ್ಲಿ ಕನ್ನಡದ ಪ್ರಶ್ನೆ ಎದುರಾಗುತ್ತದೆ. ಯೂನಿಕೋಡ್ ಪೂರ್ವದ ಲಿಪಿ ಸಂಕೇತಗಳಲ್ಲಿ ಬೆರಳಚ್ಚಾದ ಟಿಪ್ಪಣಿಯನ್ನು ಜಾಲದ ಪುಟಕ್ಕೆ ನೇರವಾಗಿ ಅಂಟಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಚಿತ್ರವನ್ನಾಗಿ ಏರಿಸಿದರೆ ಓದಬಹುದು, ಹುಡುಕಲಾಗದು. ಒಂದು ಪದದ ಉತ್ತರವನ್ನು ಯಂತ್ರವೇ ತಿದ್ದುವ ಕಿರುಪರೀಕ್ಷೆಯಲ್ಲಿ ರಕಾರವನ್ನು ಅರ್ಕಾವೊತ್ತಾಗಿ ಬರೆದವನೂ ಪೂರ್ಣಾಕ್ಷರವಾಗಿ ಬರೆದವನೂ ಸರಿಯೇ ಬರೆದಿದ್ದರೂ, ಸಂಕೇತಗಳು ಬೇರೆಯಾದುದರಿಂದ ಯಂತ್ರ ಒಬ್ಬನಿಗೆ ಅಂಕ ನಿರಾಕರಿಸಬಹುದು. ಇಂಥ ಕಡೆ ಕನ್ನಡ ಅಧ್ಯಾಪಕ ಕೊಡುವ ಕಡಿಮೆ ಅಂಕ ಆತನ ಹಿಂಜರಿಕೆಯ ಗುರುತಲ್ಲ; ವ್ಯವಸ್ಥೆ ಆತನ ಭಾಷೆಯನ್ನು ಗಮನದಲ್ಲಿಟ್ಟು ಹುಟ್ಟಲಿಲ್ಲವೆಂಬ ಸಾಕ್ಷ್ಯ.

ಇದಕ್ಕಿಂತ ಗಂಭೀರವಾದುದು ಒಡೆತನದ ಪ್ರಶ್ನೆ. ಕೂಲಿಮಠದ ಐಗಳು ಊರು ಬಿಟ್ಟಾಗ ಆತನ ವಿದ್ಯೆ ಆತನ ಕೊರಳಿನಲ್ಲಿಯೇ ಹೋಗುತ್ತಿತ್ತು. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಶೈಕ್ಷಣಿಕ ವರ್ಷದ ಲೆಕ್ಕದಲ್ಲಿ ದುಡಿಯುವ ಅತಿಥಿ ಉಪನ್ಯಾಸಕನು ಏರಿಸಿದ ಟಿಪ್ಪಣಿ, ಧ್ವನಿ, ದೃಶ್ಯಗಳು ಆತ ಹೋದ ಮೇಲೂ ತಾಣದಲ್ಲಿ ಉಳಿಯಬಲ್ಲವು. ಮುಂದಿನ ವರ್ಷ ಅವು ಆತನಿಲ್ಲದೆಯೇ ಪಾಠ ಹೇಳಬಲ್ಲವು. ಜಾನಪದ ವಿಭಾಗಗಳಲ್ಲಂತೂ ಈ ಪ್ರಶ್ನೆ ಇಮ್ಮಡಿಯಾಗುತ್ತದೆ. ಪಾಠಕ್ಕೆಂದು ಏರಿಸಿದ ಹಾಡಿನ ಹಿಂದೆ ಅಧ್ಯಾಪಕ ಮಾತ್ರವಲ್ಲ, ಹಾಡಿದ ಕಲಾವಿದೆಯೂ ಇದ್ದಾಳೆ. ಆಕೆಯ ಒಪ್ಪಿಗೆಯನ್ನು ಕೇಳುವ ಕಲಮು ವ್ಯವಸ್ಥೆಯ ಪುಟದಲ್ಲಿ ಇರಬೇಕಾದುದು ಅಗತ್ಯ.

7

ಒಟ್ಟಾರೆ ನೋಡಿದಾಗ ಅಧ್ಯಾಪಕರ ಮೌಲ್ಯನಿರ್ಣಯವನ್ನು ತಂತ್ರಾಂಶಕ್ಕೆ ಕೊಟ್ಟ ಅಂಕವೆಂದಷ್ಟೇ ಗ್ರಹಿಸುವುದು ಸಾಲದು. ತಮ್ಮ ವೃತ್ತಿಯ ಯಾವ ಭಾಗವನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಲಾಗದು ಎಂಬ ವಿವೇಕ ಅದರಲ್ಲಿ ಅಡಗಿದೆ. ಹಾಜರಿ, ಅಂಕ, ಟಿಪ್ಪಣಿಗಳನ್ನು ಅವರು ಸಂತೋಷದಿಂದಲೇ ಒಪ್ಪಿಸಿದ್ದಾರೆ. ಮಾತನ್ನು ಬಹುಮಟ್ಟಿಗೆ ತಮ್ಮಲ್ಲಿ ಉಳಿಸಿಕೊಂಡಿದ್ದಾರೆ. ಪ್ಲೇಟೊ ಬಳಕೆದಾರರು ದೋಷಪಟ್ಟಿಯನ್ನು ಹರಟೆಕಟ್ಟೆಯಾಗಿಸಿಕೊಂಡದ್ದನ್ನು ನೆನೆದರೆ, ಯಂತ್ರದೊಳಗೆ ಮಾತು ಅಸಾಧ್ಯವೆಂದೂ ಹೇಳುವಂತಿಲ್ಲ. ಆ ಕಟ್ಟೆಯನ್ನು ಕಟ್ಟಿಕೊಳ್ಳುವ ಸ್ವಾತಂತ್ರ್ಯ ಬಳಸುವವರಿಗೆ ಇರಬೇಕು. ಆದ್ದರಿಂದ ಮುಂದಿನ ಸಮೀಕ್ಷೆಗಳು ‘ಎಷ್ಟು ಬಾರಿ ಪ್ರವೇಶಿಸಿದಿರಿ’ ಎಂಬ ಲೆಕ್ಕಕ್ಕೆ ನಿಲ್ಲದೆ, ಯಾವ ಭಾಷೆಯಲ್ಲಿ, ಯಾವ ಸೇವಾಸ್ಥಿತಿಯಲ್ಲಿ, ಯಾರ ಒಡೆತನದಲ್ಲಿ ಎಂಬ ಪ್ರಶ್ನೆಗಳನ್ನೂ ಕೇಳಬೇಕಾಗಿದೆ. ಅಂಗೈಯ ಮೇಲೆ ಬರೆದ ಸರಸ್ವತಿ ಸಂಜೆಗೆ ಅಳಿಸಿಹೋಗುತ್ತಿದ್ದಳು; ಯಂತ್ರದಲ್ಲಿ ದಾಖಲಾದುದು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಏನನ್ನು ದಾಖಲಿಸಬೇಕೆಂಬ ನಿರ್ಧಾರದಲ್ಲಿ ಕಲಿಸುವವರಿಗೂ ಕಲಿಯುವವರಿಗೂ ಪಾಲಿರಬೇಕಾದುದು ಈ ಕಾರಣದಿಂದಲೇ.