ಕೊಕ್ಕರೆ ರೋಗದ ವೈರಸ್ಸು: ಕೋಶದಿಂದ ಹೊರಬೀಳುವ ಬಗೆ

2021ರ ಜನವರಿಯಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಹಕ್ಕಿಜ್ವರ ಖಚಿತವಾದ ದಿನಗಳಲ್ಲೇ ಮಂಗಳೂರು ಹೊರವಲಯದ ಮಂಜನಾಡಿಯಲ್ಲಿ ಕಾಗೆಗಳು ಸತ್ತು ಬಿದ್ದವು. ಮಾದರಿ ಪರೀಕ್ಷೆಗೆ ಹೋಯಿತು. ಹಕ್ಕಿಜ್ವರವಲ್ಲವೆಂದು ವರದಿ ಬಂತು, ಜನ ನಿರಾಳರಾದರು. ಆದರೆ ನಮ್ಮ ಹಿತ್ತಿಲ ಕೋಳಿಗಳ ಮಟ್ಟಿಗೆ ಹಕ್ಕಿಜ್ವರಕ್ಕಿಂತ ಹಳೆಯ ವೈರಿ ಬೇರೆಯೇ ಇದೆ. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡು, 1928ರ ಹೊತ್ತಿಗೆ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ದಾಖಲಾದ ಈ ರೋಗವನ್ನು ನಮ್ಮಲ್ಲಿ ಕೊಕ್ಕರೆ ರೋಗ ಎನ್ನುತ್ತಾರೆ. ಇದರ ಉಗ್ರ ರೂಪಕ್ಕೂ ಉಗ್ರ ಹಕ್ಕಿಜ್ವರಕ್ಕೂ ಇರುವ ಭೇದವನ್ನು ಬರಿಗಣ್ಣು ಹೇಳಲಾರದು. ಪ್ರಯೋಗಾಲಯವೇ ಹೇಳಬೇಕು.

ಈ ಟಿಪ್ಪಣಿ ಕೇಳುವುದು ಒಂದು ಸಣ್ಣ ಪ್ರಶ್ನೆ. ಮರಿಗೆ ಮೊದಲ ವಾರದಲ್ಲಿ ಎಫ್ ತಳಿಯ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿಯಾಗಿ ಹಾಕುತ್ತಾರೆ. ಆರ್‌2ಬಿ ಚುಚ್ಚುಮದ್ದನ್ನು ಮಾತ್ರ ಆರರಿಂದ ಎಂಟು ವಾರ ತುಂಬುವವರೆಗೆ ಕೊಡುವುದಿಲ್ಲ. ಎರಡೂ ಜೀವಂತ ವೈರಸ್ಸು, ಎರಡೂ ಒಂದೇ ರೋಗಕ್ಕೆ. ಹಾಗಿದ್ದರೆ ಕಾಯುವುದೇಕೆ?

ಉತ್ತರ ಇರುವುದು ಜೀವಕೋಶದೊಳಗೆ. ವೈರಸ್ಸು ಕೋಶದ ಮೈಮೇಲಿನ ಸಿಯಾಲಿಕ್ ಆಮ್ಲವನ್ನು ಎಚ್‌ಎನ್ ಎಂಬ ಪ್ರೋಟೀನಿನಿಂದ ಹಿಡಿದುಕೊಳ್ಳುತ್ತದೆ. ಬೆಸೆಯುವ ಪ್ರೋಟೀನು ಎರಡು ಪೊರೆಗಳನ್ನು ಒಂದುಗೂಡಿಸಿ ಒಳದಾರಿ ತೆರೆಯುತ್ತದೆ. ಒಳಬರುವ ಆರ್‌ಎನ್‌ಎ ಎಳೆಯ ಉದ್ದ ಅನೇಕ ತಳಿಗಳಲ್ಲಿ 15,186 ನ್ಯೂಕ್ಲಿಯೋಟೈಡ್. ಇದು ಆರರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ, ಏಕೆಂದರೆ ಎಳೆಯನ್ನು ಹೊದ್ದಿರುವ ಪ್ರತಿಯೊಂದು ಪ್ರೋಟೀನ್ ಕಣವೂ ಆರಾರು ನ್ಯೂಕ್ಲಿಯೋಟೈಡ್‌ಗಳನ್ನು ಮುಚ್ಚುತ್ತದೆ. ಈ ಎಳೆಯನ್ನು ಕೋಶ ನೇರವಾಗಿ ಓದಲಾರದು. ಓದಿ ನಕಲು ಮಾಡುವ ಕಿಣ್ವವನ್ನು ವೈರಸ್ಸು ಜೊತೆಗೇ ತಂದಿರುತ್ತದೆ. ಕಿಣ್ವ ಒಂದೇ ತುದಿಯಿಂದ ಹತ್ತಿ, ವಂಶವಾಹಿಗಳ ನಡುವಿನ ಸಂದುಗಳಲ್ಲಿ ಅಷ್ಟಷ್ಟು ಕಳಚಿಕೊಳ್ಳುವುದರಿಂದ ಮೊದಲ ಪ್ರೋಟೀನು ಹೇರಳವಾಗಿ, ಕೊನೆಯದು ಅತ್ಯಲ್ಪವಾಗಿ ತಯಾರಾಗುತ್ತದೆ.

ನಿರ್ಣಾಯಕ ಹಂತ ಬರುವುದು ಹೊರಡುವಾಗ. ಬೆಸೆಯುವ ಪ್ರೋಟೀನು ಹುಟ್ಟುವಾಗ ನಿಷ್ಕ್ರಿಯ. ಆತಿಥೇಯ ಕೋಳಿಯದೇ ಕಿಣ್ವವೊಂದು ಅದನ್ನು ಗೊತ್ತಾದ ಜಾಗದಲ್ಲಿ ಸೀಳಬೇಕು. ಎಫ್ ತಳಿಯಲ್ಲಿ ಆ ಜಾಗದ ಸುತ್ತ ಅರ್ಜಿನೀನ್ ಎಂಬ ಅಮೈನೋ ಆಮ್ಲ ವಿರಳ. ಅದನ್ನು ಸೀಳುವುದು ಟ್ರಿಪ್ಸಿನ್ ಜಾತಿಯ ಕಿಣ್ವಗಳು ಮಾತ್ರ, ಅವು ಸಿಗುವುದು ಮುಖ್ಯವಾಗಿ ಉಸಿರುನಾಳ ಮತ್ತು ಕರುಳಿನಲ್ಲಿ. ವೈರಸ್ಸು ಅಲ್ಲೇ ಬೆಳೆದು ಅಲ್ಲೇ ತಡೆಯಲ್ಪಡುತ್ತದೆ. (ಭ್ರೂಣವಿರುವ ಮೊಟ್ಟೆಯ ದ್ರವದಲ್ಲೂ ಅಂಥ ಕಿಣ್ವವಿದೆ, ಲಸಿಕೆಯನ್ನು ಮೊಟ್ಟೆಯಲ್ಲಿ ಬೆಳೆಸಲು ಸಾಧ್ಯವಾಗಿರುವುದು ಇದರಿಂದಲೇ.) ಉಗ್ರ ತಳಿಗಳಲ್ಲಿ ಅದೇ ಜಾಗದಲ್ಲಿ ಅರ್ಜಿನೀನ್, ಲೈಸೀನ್‌ಗಳು ಗುಂಪಾಗಿವೆ; ಬಹುತೇಕ ಎಲ್ಲ ಕೋಶಗಳಲ್ಲಿರುವ ಫ್ಯೂರಿನ್ ಎಂಬ ಕಿಣ್ವ ಅಲ್ಲಿ ಸೀಳಬಲ್ಲದು. ಆಗ ಮಿದುಳೂ ತೆರೆದ ಬಾಗಿಲು. ಕತ್ತು ತಿರುಚಿಕೊಂಡು, ರೆಕ್ಕೆ ಇಳಿಬಿಟ್ಟು ನರಳುವ ಕೋಳಿಯಲ್ಲಿ ನಾವು ಕಾಣುವುದು ಇದನ್ನೇ. ಮುಕ್ತೇಶ್ವರದ ಪ್ರಯೋಗಾಲಯದಿಂದ ಬಂದ ಆರ್‌2ಬಿ ತಳಿಯಲ್ಲೂ ಈ ಗುಂಪು ಉಳಿದುಕೊಂಡಿದೆ. ಬಲಿತ ಕೋಳಿ ಅದನ್ನು ತಾಳಿಕೊಂಡು ಗಟ್ಟಿ ರಕ್ಷಣೆ ಪಡೆಯುತ್ತದೆ, ಎಳೆಮರಿ ಕಾಯಿಲೆ ಬೀಳಬಹುದು. ಕಾಯುವುದಕ್ಕೆ ಕಾರಣ ಅದು.

ಹೊಸ ಕಣಗಳು ಕೋಶದ ಪೊರೆಯಿಂದ ಮೊಗ್ಗಿನಂತೆ ಉಬ್ಬಿ ಕಳಚಿಕೊಳ್ಳುತ್ತವೆ. ಕಳಚುವಾಗ ಸಿಯಾಲಿಕ್ ಆಮ್ಲದ ಹಿಡಿತವನ್ನು ಕತ್ತರಿಸುವುದೂ ಅದೇ ಎಚ್‌ಎನ್. ಹಿಡಿಯುವುದು, ಬಿಡಿಸಿಕೊಳ್ಳುವುದು ಎರಡನ್ನೂ ಒಂದೇ ಅಣು ಮಾಡುತ್ತದೆಂಬುದು ನನಗೆ ಇಡೀ ಕಥನದ ಅತ್ಯಂತ ಸೋಜಿಗದ ಭಾಗ. ಇನ್ನೊಂದು ದಾರಿಯೂ ಇದೆ. ಸೀಳಿ ಸಿದ್ಧವಾದ ಬೆಸೆಯುವ ಪ್ರೋಟೀನು ಸೋಂಕಿತ ಕೋಶದ ಮೈಮೇಲೆ ನೆರೆದಾಗ ಪಕ್ಕದ ಕೋಶಗಳೇ ಅದರೊಂದಿಗೆ ಕೂಡಿಕೊಂಡು ಅನೇಕ ಕೇಂದ್ರಗಳ ದೈತ್ಯಕೋಶವಾಗುತ್ತವೆ. ವೈರಸ್ಸು ಹೊರಗಿನ ದ್ರವಕ್ಕೆ ಬೀಳದೆಯೇ ದಾಟಿಬಿಡುತ್ತದೆ.

ಆಸ್ಟ್ರೇಲಿಯಾದಲ್ಲಿ 1998ರಿಂದ ಎದ್ದ ಹಾವಳಿಯ ವೈರಸ್ಸು ಅಲ್ಲಿನದೇ ನಿರುಪದ್ರವಿ ತಳಿಯಿಂದ, ಸೀಳುವ ಜಾಗದಲ್ಲಿ ಎರಡೇ ನ್ಯೂಕ್ಲಿಯೋಟೈಡ್ ಬದಲಾಗಿ ಹುಟ್ಟಿತ್ತು. ಹಾಗೆಂದು ಎಲ್ಲವನ್ನೂ ಆ ಒಂದು ಜಾಗಕ್ಕೆ ಕಟ್ಟುವುದು ಅವಸರವಾದೀತು. ಪಾರಿವಾಳಗಳಲ್ಲಿ ತಿರುಗುವ ತಳಿಗೂ ಅರ್ಜಿನೀನ್ ಗುಂಪಿದೆ, ಆದರೂ ಅದು ಕೋಳಿಗಳಲ್ಲಿ ಎಷ್ಟೋ ಸಲ ಸೌಮ್ಯವಾಗಿಯೇ ಇರುತ್ತದೆ. ನಕಲು ಕಿಣ್ವದ ವೇಗವೂ ಲೆಕ್ಕಕ್ಕೆ ಬರುತ್ತದೆ.

ತುಳುನಾಡಿನ ಹಿತ್ತಿಲುಗಳಿಗೆ ಇದರ ಅರ್ಥವೇನು? ಸೋಂಕಿತ ಕೋಳಿಯ ಹಿಕ್ಕೆ, ಸಿಂಬಳ, ಮಾಂಸ ಎಲ್ಲದರಲ್ಲೂ ವೈರಸ್ಸು ಇರುತ್ತದೆ. ಕೋಳಿ ಅಂಕದಲ್ಲಿ ಹಲವು ಮನೆಗಳ ಹುಂಜಗಳು ಒಂದೆಡೆ ಸೇರುತ್ತವೆ. ಸೋತದ್ದು ಗೆದ್ದವನ ಪಾಲಾಗಿ ಅವನ ಮನೆಗೆ ಹೋಗುತ್ತದೆ, ಪುಕ್ಕ ಮತ್ತು ಕರುಳು ಅಲ್ಲಿನ ಹಿತ್ತಿಲಿಗೆ ಬೀಳುತ್ತವೆ. ಲಸಿಕೆ ಸಾವನ್ನು ತಡೆಯುತ್ತದೆ, ವೈರಸ್ಸು ಹೊರಬೀಳುವುದನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಚೆನ್ನಾಗಿ ಕಾಣುವ ಹುಂಜವೂ ರೋಗ ಹೊತ್ತು ಬರಬಹುದು. ಆದ್ದರಿಂದ ಅಂಕಕ್ಕೆ ಹೋಗುವ ಹುಂಜಕ್ಕಷ್ಟೇ ಲಸಿಕೆ ಹಾಕಿಸಿದರೆ ಸಾಲದು. ಮನೆಯಲ್ಲಿ ಉಳಿಯುವ ಹೇಂಟೆಗೂ ಮರಿಗಳಿಗೂ, ಅಂಕದ ಹಂಗಾಮಿಗೆ ಎರಡು ಮೂರು ವಾರ ಮುಂಚೆ, ಅವುಗಳ ವಯಸ್ಸಿಗೆ ತಕ್ಕ ಲಸಿಕೆ ಆಗಿರಬೇಕು.